ಪಟ್ಟಿಯಲ್ಲಿ ಬರೆದುಕೊಳ್ಳದ ಸಾಮಾನು: ಇಂಗ್ಲೆಂಡಿಗೆ ಹೊರಟ ಕನ್ನಡಿಗರಿಗೆ ಸ್ನೇಹದ ಬಗ್ಗೆ

ಪ್ರತಿ ವರ್ಷ ಆಗಸ್ಟ್ ಬಂತೆಂದರೆ, ಓದಲಿಕ್ಕೋ ಕೆಲಸಕ್ಕೋ ಇಂಗ್ಲೆಂಡಿಗೆ ಹೊರಟ ಹುಡುಗ ಹುಡುಗಿಯರು ಹನುಮಂತನಗರದ ನಮ್ಮ ಮನೆಗೆ ಒಬ್ಬೊಬ್ಬರಾಗಿ ಬರತೊಡಗುತ್ತಾರೆ. 2003ರಿಂದ 2022ರವರೆಗೆ ರೆಡಿಂಗ್ ಎಂಬ ಊರಿನಲ್ಲಿ ಸಂಸಾರ ಮಾಡಿ ಬಂದವನು ನಾನು ಎಂಬುದು ಬೀದಿಗೆಲ್ಲ ಗೊತ್ತಿರುವುದರಿಂದ, ಯಾರದೋ ಸೋದರತ್ತೆಯ ಮಗಳು, ಯಾರದೋ ಸ್ನೇಹಿತರ ತಮ್ಮ ಎಂದು ಪರಿಚಯ ಹೇಳಿಕೊಂಡು ಬರುವ ಇವರ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಮೂರು ಲೀಟರಿನ ಕುಕ್ಕರು, ಅದಕ್ಕೆ ಎರಡು ಗ್ಯಾಸ್ಕೆಟ್ಟು, ಸಾರಿನ ಪುಡಿ, ಹುಣಸೆಹಣ್ಣು, ಥರ್ಮಲ್ ಬನಿಯನ್ನು, ಪ್ಲಗ್ಗಿನ ಅಡಾಪ್ಟರು. ಕುಕ್ಕರಿನ ತೂಕದ ಬಗ್ಗೆಯೇ ಅರ್ಧ ಗಂಟೆ ಚರ್ಚೆ ನಡೆಯುತ್ತದೆ. ಅಲ್ಲಿ ಮಾತಾಡಲು ಯಾರು ಸಿಗುತ್ತಾರೆ, ಅವರನ್ನು ಎಲ್ಲಿ ಹುಡುಕಬೇಕು ಎಂದು ಕೇಳಿದವರು ಇಷ್ಟು ವರ್ಷಗಳಲ್ಲಿ ಇಬ್ಬರೇ. ಅವರಿಗೆ ಹೇಳಿದ್ದನ್ನು ಸ್ವಲ್ಪ ಹಿಗ್ಗಿಸಿ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿರುವ ನಿಮ್ಮ ಸ್ನೇಹಿತರನ್ನು ನೀವು ಹೇಗೆ ಸಂಪಾದಿಸಿದಿರಿ ಎಂದು ಒಮ್ಮೆ ಯೋಚಿಸಿ ನೋಡಿ. ಸರಿಯಾಗಿ ನೆನಪಾಗುವುದಿಲ್ಲ, ಏಕೆಂದರೆ ನೀವು ಅದಕ್ಕಾಗಿ ಏನನ್ನೂ ಮಾಡಿರಲಿಲ್ಲ. ಒಂದೇ ಬೆಂಚಿನಲ್ಲಿ ಕುಳಿತಿರಿ, ಒಂದೇ ನಂಬರಿನ ಬಸ್ಸು ಹತ್ತಿದಿರಿ, ಗಾಂಧಿ ಬಜಾರಿನಲ್ಲಿ ನಿಂತುಕೊಂಡೇ ಬೈ ಟು ಕಾಫಿ ಕುಡಿದಿರಿ, ಕಡಲೆಕಾಯಿ ಪರಿಷೆಯ ನೂಕುನುಗ್ಗಲಿನಲ್ಲಿ ಮತ್ತೆ ಅದೇ ಮುಖ ಎದುರಾಯಿತು. ಹೀಗೆ ಊರೇ ನಿಮ್ಮ ಪರವಾಗಿ ಆ ಕೆಲಸವನ್ನು ಮಾಡಿ ಮುಗಿಸಿತ್ತು. ಇದು ನನ್ನೊಬ್ಬನ ಊಹೆಯಲ್ಲ. ಅಮೆರಿಕದ ಎಂಐಟಿಯಲ್ಲಿ ವಿವಾಹಿತ ವಿದ್ಯಾರ್ಥಿಗಳು ವಾಸವಾಗಿದ್ದ ವಸತಿಗೃಹಗಳನ್ನು ಅಧ್ಯಯನ ಮಾಡಿ ಫೆಸ್ಟಿಂಗರ್, ಶಾಕ್ಟರ್ ಮತ್ತು ಬ್ಯಾಕ್ ಎಂಬ ಮೂವರು 1950ರಲ್ಲಿಯೇ ತೋರಿಸಿದ್ದೇನೆಂದರೆ, ಯಾರು ಯಾರಿಗೆ ಸ್ನೇಹಿತರಾಗುತ್ತಾರೆ ಎಂಬುದರಲ್ಲಿ ಮನೆಯ ಬಾಗಿಲುಗಳ ನಡುವಿನ ದೂರ, ಮೆಟ್ಟಿಲು ಯಾವ ಕಡೆಗಿದೆ ಎಂಬಂಥ ಸಣ್ಣ ಸಂಗತಿಗಳ ಪಾಲು ಬಹಳ ದೊಡ್ಡದು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರು 2018ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಗಂಟೆಗಳ ಲೆಕ್ಕವನ್ನೇ ಕೊಟ್ಟಿತು: ಪರಿಚಯವು ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ನಿಜವಾದ ಗೆಳೆತನವಾಗಲು ಸುಮಾರು 90 ಗಂಟೆ, ಆಪ್ತರೆನಿಸಿಕೊಳ್ಳಲು 200 ಗಂಟೆಗೂ ಮೀರಿದ ಒಡನಾಟ. ಆಫೀಸಿನಲ್ಲಿ ಅಕ್ಕಪಕ್ಕ ಕುಳಿತು ಕೆಲಸ ಮಾಡಿದ ಗಂಟೆಗಳು ಇದರಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನೂ ಗಮನಿಸಿ.

ಈಗ ಸ್ವಲ್ಪ ಕೂಡಿ ಕಳೆದು ನೋಡೋಣ. ತಿಂಗಳಿಗೊಮ್ಮೆ ಎರಡು ಗಂಟೆ ಸಿಗುವವರೊಡನೆ 50 ಗಂಟೆ ಕಳೆಯಲು ಎರಡು ವರ್ಷ ದಾಟುತ್ತದೆ, ಅಷ್ಟರಲ್ಲಿ ನಿಮ್ಮ ಕೋರ್ಸು ಮುಗಿದು ಹೋಗಿರುತ್ತದೆ. ಅದೇ ವಾರಕ್ಕೊಮ್ಮೆ ಎರಡು ಗಂಟೆಯಾದರೆ ಆರು ತಿಂಗಳು ಸಾಕು. ಆದ್ದರಿಂದ ಹೊಸಬರಿಗೆ ನಾನು ಕೊಡುವ ಸಲಹೆ ಒಂದೇ: ಹೋದ ಮೊದಲ ತಿಂಗಳಲ್ಲಿಯೇ, ಪ್ರತಿ ವಾರ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಅದೇ ಜನ ಸೇರುವಂಥ ಒಂದು ಕೂಟವನ್ನು ಹುಡುಕಿಕೊಂಡು, ಮಳೆ ಬರಲಿ ಬೇಸರ ಬರಲಿ ತಪ್ಪದೆ ಹೋಗಿ. ಹತ್ತು ಕಡೆ ಒಂದೊಂದು ಸಲ ಹೋಗುವುದಕ್ಕಿಂತ ಒಂದು ಕಡೆ ಹತ್ತು ಸಲ ಹೋಗುವುದು ಮೇಲು.

ಮೊದಲ ತಿಂಗಳಲ್ಲಿಯೇ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ, ಕತ್ತಲಾದ ಮೇಲೆ ಹೊಸ ಜಾಗ ಹುಡುಕಿಕೊಂಡು ಹೊರಡುವ ಮನಸ್ಸು ಯಾರಿಗೂ ಇರುವುದಿಲ್ಲ. ನನ್ನ ಮೊದಲ ಚಳಿಗಾಲವನ್ನು ನಾನು ಸಂಪೂರ್ಣವಾಗಿ ಹಾಳುಮಾಡಿಕೊಂಡೆ. ಆಗ ಅಂತರರಾಷ್ಟ್ರೀಯ ಕರೆಗೆ ಕಾರ್ಡು ಕೊಳ್ಳಬೇಕಿತ್ತು. ಹಿಂಭಾಗವನ್ನು ನಾಣ್ಯದಿಂದ ಉಜ್ಜಿ, ಉದ್ದನೆಯ ನಂಬರು ಒತ್ತಿ, ಊರಿನ ಗೆಳೆಯರೊಂದಿಗೆ ಮಾತಾಡಿದರೆ ಮಾತ್ರ ದಿನ ಕಳೆದಂತಾಗುತ್ತಿತ್ತು. ಆದರೆ ಚಳಿಗಾಲದಲ್ಲಿ ವ್ಯತ್ಯಾಸ ಐದೂವರೆ ಗಂಟೆ. ಅಲ್ಲಿ ಸಂಜೆ ಆರೂವರೆಯಾದಾಗ ಬೆಂಗಳೂರಿನಲ್ಲಿ ಮಧ್ಯರಾತ್ರಿ. ನಾನು ಕೆಲಸ ಮುಗಿಸಿ, ಅನ್ನಕ್ಕಿಟ್ಟು, ಮಾತಿಗೆ ಹಾತೊರೆಯುವ ಹೊತ್ತಿಗೆ ಸರಿಯಾಗಿ ನನ್ನವರೆಲ್ಲ ಮಲಗಿರುತ್ತಿದ್ದರು. ಈಗ ಕಾರ್ಡಿನ ಬದಲು ವಾಟ್ಸ್‌ಆ್ಯಪ್ ಬಂದಿದೆ; ಗ್ರೂಪಿನಲ್ಲಿ ಇಡೀ ದಿನ ಬೆಂಗಳೂರಿನ ಟ್ರಾಫಿಕ್ಕಿನ ಬಗ್ಗೆ ಜಗಳವಾಡಬಹುದು. ಬೆಂಗಳೂರು ಮಲಗಿರುವ, ಸಂಜೆಯಿಂದಾಚೆಗಿನ ಆರು ಗಂಟೆಗಳು ಮಾತ್ರ ಹಾಗೆಯೇ ಖಾಲಿ ಉಳಿದಿವೆ.

ಇನ್ನು ಮಾತಿನ ವಿಷಯ. ಸಹೋದ್ಯೋಗಿಗಳು ಎದುರಾದಾಗಲೆಲ್ಲ ‘ಯು ಆಲ್‌ರೈಟ್?’ ಎನ್ನುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವಾರ ನನ್ನನ್ನು ಮೂರು ಜನ ಹೀಗೆ ಕೇಳಿದ್ದರಿಂದ, ನನ್ನ ಮುಖದಲ್ಲಿ ಏನೋ ಕಾಯಿಲೆ ಕಾಣುತ್ತಿರಬೇಕೆಂದುಕೊಂಡು, ನಾಲ್ಕನೆಯವರಿಗೆ ನನ್ನ ನೆಗಡಿ, ಸರಿಯಾಗಿ ಬಾರದ ನಿದ್ದೆ ಎಲ್ಲವನ್ನೂ ವಿವರಿಸಿಬಿಟ್ಟೆ. ಅವರು ಪಾಪ, ಲಿಫ್ಟಿನ ಬಾಗಿಲನ್ನು ಕೈಯಲ್ಲಿ ತಡೆದು ಹಿಡಿದುಕೊಂಡು ಪೂರ್ತಿ ಕೇಳಿದರು. ಅದು ನಮ್ಮ ‘ಊಟ ಆಯ್ತಾ?’ ಇದ್ದಂತೆ, ‘ಆಯ್ತು, ನಿಮ್ದು?’ ಎಂಬಷ್ಟೇ ಅದಕ್ಕೆ ಉತ್ತರ. ಹಾಗೆಯೇ, ‘ಒಮ್ಮೆ ನಿಮ್ಮನ್ನು ಮನೆಗೆ ಕರೆಯಲೇಬೇಕು’ ಎಂದು ಯಾರಾದರೂ ಹೇಳಿದರೆ ಅದನ್ನು ಆಹ್ವಾನವೆಂದು ತಿಳಿದು ಕಾಯಬೇಡಿ, ಕರೆಯಲಿಲ್ಲವೆಂದು ಮುನಿಸಿಕೊಳ್ಳಲೂ ಬೇಡಿ. ಗೇಟಿನ ಬಳಿ ನಿಂತು ‘ಒಂದ್ಸಲ ಮನೆ ಕಡೆ ಬನ್ನಿ’ ಎನ್ನುವ ನಾವೇನು ಕಡಿಮೆಯೇ? ದಿನ ಮತ್ತು ಗಂಟೆ ಹೇಳಿದಾಗ ಮಾತ್ರ ಅದು ನಿಜವಾದ ಕರೆ. ನೀವು ಕರೆಯುವಾಗಲೂ ದಿನ, ಗಂಟೆ ಹೇಳಿಯೇ ಕರೆಯಿರಿ. ಎರಡು ಮೂರು ವಾರ ಮುಂಚೆ ಹೇಳಬೇಕಾದೀತು. ಹೇಳದೆ ಕೇಳದೆ ಬಾಗಿಲು ತಟ್ಟುವ ನಮ್ಮ ಪದ್ಧತಿಯನ್ನು ಇಲ್ಲಿಯೇ ಬಿಟ್ಟು ಹೋಗಿ. ಇದನ್ನು ಹೇಳಲು ನನಗೆ ಸಂತೋಷವಿಲ್ಲ, ಏಕೆಂದರೆ ಹತ್ತೊಂಬತ್ತು ವರ್ಷ ನಾನು ಅತಿ ಹೆಚ್ಚು ನೆನೆದದ್ದು ಅದೇ ಬಾಗಿಲು ತಟ್ಟುವ ಸದ್ದನ್ನು.

ಆಫೀಸಿನ ಟೀ ಬಗ್ಗೆ ತುಸು ವಿಸ್ತಾರವಾಗಿಯೇ ಹೇಳಬೇಕು. ನಮ್ಮ ವಿಭಾಗದಲ್ಲಿ ಏಳು ಜನರಿದ್ದೆವು. ದಿನಕ್ಕೆ ಮೂರು ನಾಲ್ಕು ಸಲ ಯಾರಾದರೊಬ್ಬರು ಎದ್ದು ನಿಂತು ಯಾರಿಗೆ ಟೀ ಬೇಕು ಎಂದು ಕೇಳುತ್ತಿದ್ದರು, ನಾನು ಪ್ರತಿ ಸಲವೂ ಸಂತೋಷದಿಂದ ನನಗೊಂದು ಎನ್ನುತ್ತಿದ್ದೆ. ಬೆಂಗಳೂರಿನ ಆಫೀಸಿನಲ್ಲಿ ಟ್ರೇ ಹಿಡಿದುಕೊಂಡು ಬರುವ ಹುಡುಗನ ಕೈಯಿಂದ ಲೋಟ ತೆಗೆದುಕೊಂಡು ಅಭ್ಯಾಸವಾಗಿದ್ದ ನನಗೆ ಇದರಲ್ಲಿ ಯಾವ ವಿಶೇಷವೂ ಕಾಣಲಿಲ್ಲ. ನಾಲ್ಕು ತಿಂಗಳಾದ ಮೇಲೆ, ಕೀನ್ಯಾದಿಂದ ಬಂದು ನೆಲೆಸಿದ್ದ ಹಿರಿಯ ಗುಜರಾತಿ ಸಹೋದ್ಯೋಗಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ‘ನಿನ್ನ ಸರದಿ ಯಾವಾಗ?’ ಎಂದು ಮೆಲ್ಲಗೆ ಕೇಳಿದರು. ಅಂದು ನನಗಾದ ನಾಚಿಕೆ ಇಂದಿಗೂ ನೆನಪಿದೆ. ಮರುದಿನ ಏಳು ಮಗ್ಗುಗಳನ್ನು ಸಾಲಾಗಿ ಇಟ್ಟುಕೊಂಡೆ. ಕಪಾಟಿನ ಬಾಗಿಲಿನ ಒಳಭಾಗದಲ್ಲಿ ಒಂದು ಚೀಟಿ ಅಂಟಿಸಿತ್ತು, ಅದರಲ್ಲಿ ಹೆಸರು, ಹಾಲು ಎಷ್ಟು, ಸಕ್ಕರೆ ಎಷ್ಟು ಚಮಚ ಎಂದೆಲ್ಲ ಬರೆದಿತ್ತು, ಕೊನೆಯ ಸಾಲಿನಲ್ಲಿ ಯಾರೋ ಪೆನ್ಸಿಲಿನಿಂದ ನನ್ನ ಹೆಸರನ್ನು ತಪ್ಪು ಕಾಗುಣಿತದಲ್ಲಿ ಸೇರಿಸಿ, ಮುಂದೆ ‘2’ ಎಂದು ನಮೂದಿಸಿದ್ದರು. ನಾಲ್ಕು ತಿಂಗಳಿಂದ ನನ್ನ ಎರಡು ಚಮಚವನ್ನು ಅಷ್ಟೂ ಜನ ನೆನಪಿಟ್ಟುಕೊಂಡಿದ್ದರು. ಅಂದಿನಿಂದ ದಿನಕ್ಕೊಂದು ಸರದಿ ನನ್ನದಾಯಿತು, ಮತ್ತು ನನಗೆ ತಿಳಿದದ್ದೇನೆಂದರೆ, ಕೆಟಲಿನಲ್ಲಿ ನೀರು ಕುದಿಯುವ ಆ ಮೂರು ನಾಲ್ಕು ನಿಮಿಷಗಳಲ್ಲಿಯೇ ಅಲ್ಲಿನವರು ಮನೆಯ ಮಾತು ಆಡುತ್ತಾರೆ. ತಾಯಿಯ ಆಪರೇಷನ್ ಬಗ್ಗೆಯೋ ಮಗನ ಶಾಲೆಯ ಬಗ್ಗೆಯೋ ತಮ್ಮ ಕುರ್ಚಿಯಲ್ಲಿ ಕುಳಿತು ಅವರು ಎಂದೂ ಹೇಳಿದವರಲ್ಲ.

ಪಬ್ಬಿಗೂ ಇದೇ ನಿಯಮ. ಕುಡಿಯದಿರುವುದು ಅಲ್ಲಿ ಅಪರಾಧವೇನಲ್ಲ, ನಿಂಬೆ ಹಾಕಿದ ಸೋಡಾ ಹಿಡಿದುಕೊಂಡು ಮೂರು ಗಂಟೆ ಕೂರಬಹುದು, ಆದರೆ ಎಲ್ಲರಿಗೂ ಕೊಡಿಸುವ ಸರದಿ ಬಂದಾಗ ಎದ್ದು ಹೋಗಿ ಕೊಡಿಸಲೇಬೇಕು. ತಮ್ಮ ಸೋಡಾದ ದುಡ್ಡನ್ನು ಮಾತ್ರ ಎಣಿಸಿ ಮೇಜಿನ ಮೇಲಿಟ್ಟು ಬರುವವರನ್ನು ಮುಂದಿನ ಶುಕ್ರವಾರ ಯಾರೂ ಕರೆಯುವುದಿಲ್ಲ.

ವಾರದ ಕೂಟಗಳಲ್ಲಿ ನಾನು ಎಲ್ಲರಿಗೂ ಮೊದಲು ಹೇಳುವುದು ಪಾರ್ಕ್‌ರನ್ ಬಗ್ಗೆ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ ಓಟಗಾರರಿಂದ ಶುರುವಾದ ಇದು ಈಗ ಆ ದೇಶದ ತುಂಬ ಹರಡಿದೆ: ಇಂಗ್ಲೆಂಡಿನಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ 5 ಕಿಲೋಮೀಟರ್, ಶುಲ್ಕವಿಲ್ಲ. ಓಡಲೇಬೇಕೆಂದಿಲ್ಲ, ನಡೆಯಬಹುದು, ಎಲ್ಲರಿಗಿಂತ ಹಿಂದೆ ನಡೆಯಲೆಂದೇ ಒಬ್ಬ ಸ್ವಯಂಸೇವಕರಿರುವುದರಿಂದ ಕೊನೆಯವರಾಗುವ ಭಯವೂ ಇಲ್ಲ. ಲಾಲ್‌ಬಾಗಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿದವರು ನೇರವಾಗಿ ಮನೆಗೆ ಹೋಗದೆ ಹೋಟೆಲಿನ ಎದುರು ಗುಂಪಾಗಿ ನಿಲ್ಲುತ್ತಾರಲ್ಲ, ಇಲ್ಲಿಯೂ ಹಾಗೆಯೇ ಓಟದ ನಂತರದ ಕಾಫಿಯಲ್ಲಿಯೇ ಇದರ ಸಾರವಿದೆ. ಊರಿನ ಸಾರ್ವಜನಿಕ ಗ್ರಂಥಾಲಯ, ಸಂಜೆಯ ತರಗತಿ, ಕ್ರಿಕೆಟ್ ಕ್ಲಬ್ಬು ಇವೂ ಆದೀತು. ಸ್ವಯಂಸೇವೆಗೆ ಸೇರುವ ಮೊದಲು, ವಿದ್ಯಾರ್ಥಿ ವೀಸಾದ ಮೇಲೆ ಹೋದವರು ತಮ್ಮ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಒಮ್ಮೆ ಕೇಳಿಕೊಳ್ಳಬೇಕು, ಏಕೆಂದರೆ ಸಂಬಳವಿಲ್ಲದ ಕೆಲವು ಕೆಲಸಗಳನ್ನೂ ದುಡಿಮೆಯ ಗಂಟೆಗಳ ಮಿತಿಯೊಳಗೆ ಸೇರಿಸುತ್ತಾರೆ.

ಸಂಸಾರ ಸಮೇತ ನೆಲೆಸುವವರು ಅಲಾಟ್‌ಮೆಂಟಿಗೆ ಹೆಸರು ಬರೆಸಿ. ಸ್ಥಳೀಯ ಆಡಳಿತವು ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ಭೂಮಿ ಅದು, ಹಳೆಯ ಲೆಕ್ಕದಲ್ಲಿ 10 ರಾಡ್, ಅಂದರೆ ಸುಮಾರು 250 ಚದರ ಮೀಟರ್. ನಮಗೆ ಸಿಕ್ಕಿದ್ದು ಅದರ ಅರ್ಧ, ಅದಕ್ಕೂ ಮೂರು ವರ್ಷ ಕಾಯಬೇಕಾಯಿತು. ಪಕ್ಕದ ತುಂಡಿನ ಮುದುಕರು ಮೊದಲ ವರ್ಷವೆಲ್ಲ ತಲೆಯಾಡಿಸಿದ್ದು ಬಿಟ್ಟರೆ ಒಂದು ಮಾತೂ ಆಡಲಿಲ್ಲ. ಎರಡನೆಯ ಬೇಸಿಗೆಯಲ್ಲಿ ನಮ್ಮ ಮೆಂತ್ಯದ ಸೊಪ್ಪಿನ ವಾಸನೆ ಹಿಡಿದು ಬೇಲಿಯ ಬಳಿ ಬಂದು ನಿಂತರು, ಒಂದು ಹಿಡಿ ಕೊಯ್ದು ಕೊಟ್ಟೆ, ಮರುವಾರ ನಮ್ಮ ಬಾಗಿಲಲ್ಲಿ ಹುರುಳಿಕಾಯಿಯಂಥ ಉದ್ದನೆಯ ಕಾಯಿಗಳ ಚೀಲವಿತ್ತು. ನನ್ನ ಹೆಂಡತಿ ಅದರಲ್ಲಿ ಪಲ್ಯ ಮಾಡಿ ಡಬ್ಬಿಯಲ್ಲಿ ಕಳಿಸಿದಳು. ಡಬ್ಬಿ ಖಾಲಿಯಾಗಿ ಹಿಂದಿರುಗಲಿಲ್ಲ, ಅದರ ತುಂಬ ರಾಸ್‌ಬೆರಿ ಹಣ್ಣಿತ್ತು. ಖಾಲಿ ಪಾತ್ರೆ ಹಿಂದಿರುಗಿಸಬಾರದು ಎಂಬುದು ನಮ್ಮ ಅಜ್ಜಿಯಂದಿರಿಗೆ ಮಾತ್ರ ಗೊತ್ತಿದ್ದ ಸಂಗತಿ ಎಂದು ನಾನು ಅಲ್ಲಿಯವರೆಗೆ ತಿಳಿದುಕೊಂಡಿದ್ದೆ.

ಕನ್ನಡ ಸಂಘಗಳ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸದಿರಬಹುದು. ಯುಗಾದಿಗೆ, ರಾಜ್ಯೋತ್ಸವಕ್ಕೆ ತಪ್ಪದೆ ಹೋಗಿ. ಸಾವಿರಾರು ಮೈಲಿ ದೂರದಲ್ಲಿ ಇನ್ನೂರು ಜನ ಒಟ್ಟಿಗೆ ಕನ್ನಡ ಮಾತಾಡುವುದನ್ನು ಕೇಳಿದಾಗ ಗಂಟಲು ಕಟ್ಟುತ್ತದೆ. ಆದರೆ ರೇಷ್ಮೆ ಸೀರೆ, ಭಾಷಣ, ಬಿಸಿಬೇಳೆ ಬಾತು ಮುಗಿಸಿ ಐದಕ್ಕೆ ಮನೆಗೆ ಬಂದರೆ ಸ್ನೇಹವಾಗುವುದಿಲ್ಲ. ಬೆಳಿಗ್ಗೆ ಎಂಟಕ್ಕೇ ಹೋಗಿ ಕುರ್ಚಿ ಹಾಕಿ, ಸಂಜೆ ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯಲು ನಿಲ್ಲಿ. ನನಗೆ ಅಲ್ಲಿ ದೊರೆತ ಮೂವರು ಆಪ್ತರೂ ದೊಡ್ಡ ಪಾತ್ರೆಗೆ ಹತ್ತಿದ ಅನ್ನವನ್ನು ಕೆರೆಯುತ್ತ ಸಿಕ್ಕಿದವರು. ಇನ್ನೊಂದು ಮಾತು: ‘ನೀವು ಯಾವ ಕಡೆಯವರು?’ ಎಂದು ಶುರುವಾಗಿ, ಊರು, ಬಡಾವಣೆ, ಮನೆದೇವರು ಎಂದು ಸುತ್ತಿ ಬಳಸಿ ಜಾತಿಯ ಹೊಸ್ತಿಲಿಗೆ ಬಂದು ನಿಲ್ಲುವ ಪ್ರಶ್ನಾವಳಿ ಅಲ್ಲಿಯೂ ಇದೆ. 2015ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಅನಾವರಣಗೊಂಡ ಬಸವಣ್ಣನ ಪ್ರತಿಮೆಯ ಎದುರಿಗೇ ನಿಂತು ನಾನು ಆ ಪ್ರಶ್ನಾವಳಿಯನ್ನು ಎದುರಿಸಿದ್ದೇನೆ. ನೀವು ಕೇಳಬೇಡಿ. ಸಂಬಳ, ವೀಸಾ, ಮಕ್ಕಳು ಇವುಗಳನ್ನೂ ಮೊದಲ ಭೇಟಿಯಲ್ಲಿ ಕೇಳಬೇಡಿ. ವೀಸಾದ ಚಿಂತೆಯಲ್ಲಿ ನಿದ್ದೆಗೆಟ್ಟವರು ಆ ಸಭಾಂಗಣದಲ್ಲಿ ನೀವೊಬ್ಬರೇ ಆಗಿರುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಒಂಟಿತನ ಕಾಡಬಹುದು. ಅದನ್ನು ದೌರ್ಬಲ್ಯವೆಂದು ಮುಚ್ಚಿಡಬೇಕಾಗಿಲ್ಲ. ಬ್ರಿಟನ್ 2018ರಲ್ಲಿ ಒಂಟಿತನದ ಹೊಣೆಯನ್ನು ಒಬ್ಬ ಸಚಿವರಿಗೇ ವಹಿಸಿತು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್, ಅಂದರೆ ಜನಾರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯರು, ಆಗಿದ್ದಾಗ 2023ರಲ್ಲಿ ಹೊರಡಿಸಿದ ಎಚ್ಚರಿಕೆಯು, ಜನಸಂಪರ್ಕವಿಲ್ಲದ ಬದುಕು ಆಯುಷ್ಯದ ಮೇಲೆ ಮಾಡುವ ಹಾನಿಯನ್ನು ದಿನಕ್ಕೆ 15 ಸಿಗರೇಟು ಸೇದುವುದಕ್ಕೆ ಹೋಲಿಸಿತು. ಇಂಗ್ಲೆಂಡಿನಲ್ಲಿ ಮಾತುಕತೆಯ ಮೂಲಕ ಕೊಡುವ ಮಾನಸಿಕ ಚಿಕಿತ್ಸೆಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ವೈದ್ಯರ ಚೀಟಿಯಿಲ್ಲದೆ ನೀವೇ ನೇರವಾಗಿ ಅರ್ಜಿ ಹಾಕಬಹುದು. ಮನಸ್ಸು ಕುಗ್ಗಿದವರ ಮಾತು ಕೇಳುವ ಸಮಾರಿಟನ್ಸ್ ಸಂಸ್ಥೆಯ 116 123 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಬೆಂಗಳೂರು ಮಲಗಿರುವ ಆ ಆರು ಗಂಟೆಗಳಲ್ಲಿಯೂ.

ಮಹಡಿಯ ಮನೆಯ ಹುಡುಗಿ ಸೆಪ್ಟೆಂಬರಿನಲ್ಲಿ ಹೊರಡುವವಳಿದ್ದಾಳೆ. ಮೊನ್ನೆ ತನ್ನ ಪಟ್ಟಿ ಹಿಡಿದುಕೊಂಡು ಕೆಳಗೆ ಬಂದು, ‘ಅಂಕಲ್, ತೂಕ ಎರಡು ಕಿಲೋ ಜಾಸ್ತಿ ಆಗ್ತಿದೆ, ಕುಕ್ಕರ್ ತೆಗೆದುಬಿಡ್ಲಾ?’ ಎಂದು ಕೇಳಿದಳು. ಕುಕ್ಕರು ಇರಲಿ, ಉಪ್ಪಿನಕಾಯಿಯ ಎರಡನೆಯ ಜಾಡಿಯನ್ನು ತೆಗೆ ಎಂದೆ. ಪಾರ್ಕ್‌ರನ್ನಿಗೆ ಇಲ್ಲಿಂದಲೇ ಹೆಸರು ನೋಂದಾಯಿಸಬಹುದು, ಅವರು ಒಂದು ಬಾರ್‌ಕೋಡ್ ಕೊಡುತ್ತಾರೆ. ಅಲ್ಲೇ ಕುಳಿತು ನೋಂದಾಯಿಸಿದೆವು. ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿಕೊಂಡು ಬಂದು, ಗ್ಯಾಸ್ಕೆಟ್ಟಿನ ಪೊಟ್ಟಣದೊಳಗೆ ಸೇರಿಸಿದ್ದಾಳೆ.