ಕೋಳಿ ಗೂಡಿನ ನಾತಕ್ಕೆ ನೀರೇ ಮೂಲ

ಹಿತ್ತಲಲ್ಲಿ ಆರೆಂಟು ನಾಟಿ ಕೋಳಿಯೋ ಗಿರಿರಾಜವೋ ಸಾಕಿದವರ ಮನೆಯಲ್ಲಿ ಮಳೆಗಾಲ ಬಂತೆಂದರೆ ಒಂದೇ ದೂರು: ಗೂಡು ನಾರುತ್ತದೆ. ಬೈಗುಳ ಬೀಳುವುದು ಹಿಕ್ಕೆಗೆ. ಆದರೆ ಒಣಗಿದ ಹಿಕ್ಕೆ ಅಷ್ಟೇನೂ ನಾರುವುದಿಲ್ಲ. ಅದು ನೆಂದಾಗ ಬ್ಯಾಕ್ಟೀರಿಯಾ ಕೆಲಸ ಶುರು ಮಾಡಿ ಅಮೋನಿಯಾ ಹೊರಬರುತ್ತದೆ. ಕಣ್ಣು ಉರಿಸುವುದು ಅದೇ. ಹಾಗಾಗಿ ಪೊರಕೆ ಹಿಡಿಯುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ.

ಗೂಡಿನೊಳಗೆ ಕುಕ್ಕರುಗಾಲಲ್ಲಿ ಕೂತು, ಕೋಳಿಯ ತಲೆಯ ಎತ್ತರದಲ್ಲಿ ಮೂಸಿ ನೋಡಿ. ನಿಂತವರಿಗೆ ಗೊತ್ತಾಗದ ವಾಸನೆ ಅಲ್ಲಿ ಸಿಗುತ್ತದೆ. ಕೋಳಿ ಉಸಿರಾಡುವುದು ಆ ಗಾಳಿಯನ್ನೇ ಅಲ್ವಾ?

ಹೆಚ್ಚಿನ ಸಲ ಕಳ್ಳ ಸಿಗುವುದು ನೀರಿನ ಪಾತ್ರೆಯ ಹತ್ತಿರವೇ. ಅಗಲ ಬಾಯಿಯ ಬಟ್ಟಲಿಟ್ಟರೆ ಕೋಳಿ ಅದರೊಳಗೇ ಕಾಲಿಟ್ಟು ಚೆಲ್ಲುತ್ತದೆ. ಇಟ್ಟಿಗೆ ಕೊಟ್ಟು, ಪಾತ್ರೆಯ ಅಂಚು ಕೋಳಿಯ ಬೆನ್ನಿನ ಎತ್ತರಕ್ಕೆ ಬರುವಂತೆ ಇಡಿ. ಎರಚಲು ಬಡಿಯುವ ಕಡೆ ತಾಡಪಾಲು ಕಟ್ಟಿ. ಗಾಳಿಯಾಡಲು ಮೇಲ್ಗಡೆ ಒಂದು ಗೇಣು ಬಿಟ್ಟಿರಲಿ. ಚಳಿಯಾಗುತ್ತೆ ಅಂತ ಪೂರ್ತಿ ಮುಚ್ಚುವವರೇ ಜಾಸ್ತಿ.

ನೆಲಕ್ಕೆ 3 ಇಂಚು ಭತ್ತದ ಹೊಟ್ಟು ಅಥವಾ ಮರದ ಹೊಟ್ಟು ಹಾಸಿ. ಕಡಲೆಕಾಯಿ ಸಿಪ್ಪೆಯೂ ನಡೆಯುತ್ತದೆ. ದಿನ ಬಿಟ್ಟು ದಿನ ಕೆದಕಬೇಕು. ಒಂದು ಹಿಡಿ ಜೋಳ ಎರಚಿದರೆ ಕೋಳಿಗಳೇ ಆ ಕೆಲಸ ಮಾಡಿಕೊಡುತ್ತವೆ. ಹೊಟ್ಟನ್ನು ಮುಷ್ಟಿಯಲ್ಲಿ ಹಿಸುಕಿ ಬಿಡಿ. ಉದುರಿದರೆ ಸರಿ, ಉಂಡೆಯಾಗಿ ನಿಂತರೆ ತೇವ ಜಾಸ್ತಿ. ಗಡ್ಡೆ ಕಟ್ಟಿದ ಜಾಗವನ್ನು ಮಾತ್ರ ಬಗೆದು ಹೊಸ ಹೊಟ್ಟು ಹಾಕಿ. ಮರಿಗಳಿದ್ದರೆ ಉದಾಸೀನ ಬೇಡ. ರಕ್ತ ಭೇದಿ ಹರಡುವುದು ಒದ್ದೆ ಹಾಸಿನಲ್ಲೇ.

ರಾತ್ರಿ ಕೋಳಿ ಕೂರುವ ಕೋಲಿನ ಕೆಳಗೆ ಹಳೆಯ ಗೊಬ್ಬರದ ಚೀಲ ಹಾಸಿ, ಬೆಳಿಗ್ಗೆ ಕೊಡವಿ. ಎರಡು ನಿಮಿಷದ ಕೆಲಸ.

ಇನ್ನು ಸುಣ್ಣ. ವಾಸನೆ ಬಂತು ಅಂತ ಒದ್ದೆ ಹೊಟ್ಟಿನ ಮೇಲೆ ಸುಣ್ಣವನ್ನೋ ಒಲೆಯ ಬೂದಿಯನ್ನೋ ಎರಚುತ್ತಾರೆ. ನಾನೂ ಎರಚಿದ್ದೆ. ಆಮೇಲೆ ಗೂಡಿನೊಳಗೆ ನಿಲ್ಲಲಾಗಲಿಲ್ಲ. ಸುಣ್ಣ ಬಿದ್ದರೆ ಒದ್ದೆ ಹಿಕ್ಕೆಯಲ್ಲಿದ್ದ ಅಮೋನಿಯಾ ಇನ್ನೂ ಬೇಗ ಗಾಳಿಗೆ ಬರುತ್ತದೆ. ಸುಣ್ಣ ಬೇಕಾಗುವುದು ಖಾಲಿ ಗೂಡಿನ ಗೋಡೆಗೆ, ಕಂಬಕ್ಕೆ. ವರ್ಷಕ್ಕೆ ಎರಡು ಸಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಎಲ್ಲ ಹೊಟ್ಟು ತೆಗೆದು, ತೊಳೆದು, ಬಿಸಿಲಿಗೆ ಒಣಗಿಸಿ ಬಳಿಯಿರಿ. ರಾತ್ರಿ ರಕ್ತ ಹೀರುವ ನುಸಿ, ಉಣ್ಣೆಗಳು ಹಗಲಲ್ಲಿ ಮರದ ಸಂದಿಯಲ್ಲಿ ಅಡಗಿರುತ್ತವೆ. ಬ್ರಷ್ ಅಲ್ಲಿಗೂ ಹೋಗಲಿ. ಬ್ಲೀಚಿಂಗ್ ಪುಡಿಯನ್ನಂತೂ ಹಿಕ್ಕೆ ಇರುವಾಗ ಹಾಕಲೇಬೇಡಿ, ವಿಷದ ಗಾಳಿ ಏಳುತ್ತದೆ. ಬೂದಿಯನ್ನು ಒಣ ಮಣ್ಣಿಗೆ ಬೆರೆಸಿ ಹಳೇ ಟೈರಿನೊಳಗೆ ತುಂಬಿಡಿ. ಕೋಳಿಗಳು ಹೊರಳಾಡಿ ಮೈಯ ಹೇನು ಕಳೆದುಕೊಳ್ಳುತ್ತವೆ.

ತೆಗೆದ ಹೊಟ್ಟನ್ನು ನೇರವಾಗಿ ಗಿಡದ ಬುಡಕ್ಕೆ ಸುರಿದರೆ ಬೇರು ಸುಡುತ್ತದೆ. ಒಣ ಎಲೆಯ ಜೊತೆ ಗುಂಡಿಯಲ್ಲಿ ಮೂರು ತಿಂಗಳು ಕೊಳೆಯಲಿ. ಆಮೇಲೆ ಬಾಳೆಗೆ ಹಾಕಿ.