ಬೀಗ ತೆಗೆದ ಮೇಲೂ ಸಿಗದ ಡಿಸ್ಕ್: ದಾಲ್ ಮಿಲ್ಲಿನ ವರ್ಚುವಲ್ ಮಷೀನ್ ಎಬ್ಬಿಸಿದ ನನ್ನ ಅನುಭವ

ವಿಎಂವೇರ್ ವರ್ಕ್‌ಸ್ಟೇಷನ್ ಎಂದರೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು, ಅಂದರೆ ವರ್ಚುವಲ್ ಮಷೀನನ್ನು, ಓಡಿಸುವ ತಂತ್ರಾಂಶ. ಆ ಮಷೀನಿನ ಹಾರ್ಡ್ ಡಿಸ್ಕ್ ಎಂಬುದು ಹೊರಗಿನ ಕಂಪ್ಯೂಟರಿನಲ್ಲಿ ಬರೀ ಫೈಲು. ಮಷೀನ್ ಆನ್ ಮಾಡುವಾಗ ‘ಫೇಲ್ಡ್ ಟು ಲಾಕ್ ದ ಫೈಲ್’ (ಫೈಲಿಗೆ ಬೀಗ ಹಾಕಲಾಗಲಿಲ್ಲ) ಎಂದು ಬಂದರೆ ಗಾಬರಿ ಬೀಳಬೇಕಾಗಿಲ್ಲ. ಮಷೀನ್ ಓಡುತ್ತಿರುವಷ್ಟು ಹೊತ್ತು ಪ್ರತಿ ಡಿಸ್ಕ್ ಫೈಲಿನ ಪಕ್ಕ ‘ಎಲ್‌ಸಿಕೆ’ ಎಂದು ಕೊನೆಯಾಗುವ ಒಂದು ಫೋಲ್ಡರ್ ಇರುತ್ತದೆ. ಡಿಸ್ಕ್ ಬಳಕೆಯಲ್ಲಿದೆ, ಬೇರೆಯವರು ಮುಟ್ಟಬಾರದು ಎಂಬ ಗುರುತು ಅದು. ಕರೆಂಟ್ ಹೋಗಿ, ಯುಪಿಎಸ್ಸೂ ಕೈಕೊಟ್ಟು ಕಂಪ್ಯೂಟರ್ ಒಮ್ಮೆಲೇ ಆರಿದರೆ ಆ ಫೋಲ್ಡರ್ ಎಷ್ಟೋ ಸಲ ಹಾಗೇ ಉಳಿದುಬಿಡುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ, ಮಷೀನನ್ನು ಓಡಿಸುವ ‘ವಿಎಂವೇರ್-ವಿಎಂಎಕ್ಸ್’ ಓಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಆ ಫೋಲ್ಡರನ್ನು ಅಳಿಸದೆ ಬೇರೆ ಕಡೆ ಸರಿಸಿದರೆ ಸಾಮಾನ್ಯವಾಗಿ ಮಷೀನ್ ಏಳುತ್ತದೆ.

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಿಂದ ಫೋನ್ ಬಂದಾಗ ನಾನೂ ಇಷ್ಟೇ ಇರಬೇಕೆಂದುಕೊಂಡಿದ್ದೆ. ತೊಗರಿ ಆವಕದ ಹಂಗಾಮು. ರೈತರ ಪಟ್ಟಿಗಳೆಲ್ಲ ಆ ವರ್ಚುವಲ್ ಮಷೀನ್ ಒಳಗಿನ ಲೆಕ್ಕದ ತಂತ್ರಾಂಶದಲ್ಲೇ. ಮುನೀಮರು ಮಾತ್ರ ಬೇರೆಯೇ ಹೇಳಿದರು: “ಸರ, ಮಷೀನ್ ಚಾಲೂ ಆಗ್ಯಾದ್ರಿ. ಆದ್ರ ಲೆಕ್ಕಾ ಸೆಪ್ಟೆಂಬರ್‌ದ್ದೇ ತೋರಸ್ಲಾಕತ್ತದ. ಮುಂದಿಂದು ಏನೂ ಇಲ್ಲ!”

ಸಮಸ್ಯೆ ಎಲ್ಲಿದೆ ಎಂಬುದು ಆ ಮಾತಿನಲ್ಲೇ ತಿಳಿಯಿತು. ಲಾಕ್ ದೋಷ ಕಂಡ ಆಫೀಸಿನ ಹುಡುಗ ಹೊಸದೊಂದು ಮಷೀನ್ ಮಾಡಿ, ಹಳೆಯ ಡಿಸ್ಕ್ ಫೈಲನ್ನೇ ಅದಕ್ಕೆ ಜೋಡಿಸಿದ್ದ. ಅವನು ಆರಿಸಿದ್ದು ಮೂಲ ಡಿಸ್ಕ್. ಸೆಪ್ಟೆಂಬರ್‌ನಲ್ಲಿ ಯಾರೋ ಸ್ನ್ಯಾಪ್‌ಶಾಟ್ ತೆಗೆದಿದ್ದರು, ಅಂದರೆ ಮಷೀನಿನ ಆ ಹೊತ್ತಿನ ಸ್ಥಿತಿಯನ್ನು ಹಾಗೇ ಹಿಡಿದಿಟ್ಟಿದ್ದರು. ಅಲ್ಲಿಂದ ಮುಂದಿನ ಬರಹವೆಲ್ಲ ಹೆಸರಿನ ಕೊನೆಗೆ ‘000001’ ಇರುವ ಇನ್ನೊಂದು ಫೈಲಿಗೆ ಹೋಗಿತ್ತು. ಹಳೆಯ ಖಾತೆ ಪುಸ್ತಕ ಮುಚ್ಚಿಟ್ಟು, ತಿದ್ದುಪಡಿಗಳನ್ನು ಮಾತ್ರ ಹೊಸ ಪುಸ್ತಕದಲ್ಲಿ ಬರೆದಂತೆ. ಎರಡನ್ನೂ ಕೂಡಿಸಿ ಓದಿದರೇ ಇವತ್ತಿನ ಲೆಕ್ಕ.

“ತಮ್ಮಾ, ಅದನ್ನ ಈಗಿಂದೀಗ ಪವರ್ ಆಫ್ ಮಾಡು. ಶಟ್‌ಡೌನ್ ಬ್ಯಾಡ. ಮತ್ತ ಏನೂ ಒತ್ತಬ್ಯಾಡ” ಎಂದು ಫೋನಿನಲ್ಲೇ ಆ ಹುಡುಗನಿಗೆ ಅಂದೆ. ಶಟ್‌ಡೌನ್ ಕೊಟ್ಟರೆ ವಿಂಡೋಸ್ ಅಪ್‌ಡೇಟು, ಲಾಗು ಎಂದು ಮೂಲ ಡಿಸ್ಕಿನ ಮೇಲೆ ಇನ್ನಷ್ಟು ಬರೆಯುತ್ತದೆ. ಆ ಹೊತ್ತಿನಲ್ಲಿ ಒಂದೊಂದು ಬರಹವೂ ನಷ್ಟವೇ.

ಹೋದ ಕೂಡಲೇ ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿದೆ. ಸಾವುಕಾರ್ರು ಬಾಗಿಲಲ್ಲಿ ನಿಂತು “ಇನ್ನಾ ಎಷ್ಟೊತ್ತರೀ” ಅನ್ನುತ್ತಲೇ ಇದ್ದರು. ಅವರ ಅವಸರಕ್ಕೆ ಈ ಹಂತ ಬಿಡುವಂತಿರಲಿಲ್ಲ. ಆಮೇಲೆ ನಡೆದದ್ದೆಲ್ಲ ನಕಲಿನ ಮೇಲೆ.

ನಕಲಿನಲ್ಲಿ ಲಾಕ್ ಫೋಲ್ಡರ್ ಸರಿಸಿ ಹಳೆಯ ಮಷೀನ್ ಆನ್ ಮಾಡಿದೆ. ಈಗ ಬೇರೆ ದೋಷ: ಮಗು ಡಿಸ್ಕ್ (‘000001’ ಫೈಲು) ಹುಟ್ಟಿದ ಮೇಲೆ ತಾಯಿ ಡಿಸ್ಕ್ (ಮೂಲ ಡಿಸ್ಕ್) ಬದಲಾಗಿದೆ. ಮಷೀನಿನ ಫೋಲ್ಡರಿನಲ್ಲೇ ಇರುವ ವಿಎಂವೇರ್ ಲಾಗ್ ಫೈಲ್ ತೆರೆದರೆ ‘ಕಂಟೆಂಟ್ ಐಡಿ ಮಿಸ್‌ಮ್ಯಾಚ್’ ಎಂಬ ಸಾಲು, ಪಕ್ಕದಲ್ಲಿ ತಾಳೆಯಾಗದ ಎರಡು ಸಂಖ್ಯೆಗಳು. ಪ್ರತಿ ಡಿಸ್ಕಿಗೂ ಎಂಟು ಅಕ್ಷರದ ಒಂದು ಸಿಐಡಿ, ಅಂದರೆ ಕಂಟೆಂಟ್ ಐಡಿ ಎಂಬ ಗುರುತಿನ ಸಂಖ್ಯೆ, ಇರುತ್ತದೆ. ಮಗು ಡಿಸ್ಕ್ ತನ್ನ ತಾಯಿಯ ಸಿಐಡಿಯನ್ನು ‘ಪೇರೆಂಟ್ ಸಿಐಡಿ’ ಎಂದು ಬರೆದಿಟ್ಟುಕೊಂಡಿರುತ್ತದೆ. ಹುಡುಗ ಮೂಲ ಡಿಸ್ಕನ್ನು ನೇರವಾಗಿ ಓಡಿಸಿದಾಗ ಅದರ ಸಿಐಡಿ ಬದಲಾಗಿ ಸರಪಳಿ ಕಡಿದಿತ್ತು.

ಅದೃಷ್ಟಕ್ಕೆ ಈ ಡಿಸ್ಕನ್ನು 2 ಜಿಬಿ ತುಂಡುಗಳಾಗಿ ಮಾಡಿದ್ದರು. ಹಾಗಿದ್ದರೆ ಸಿಐಡಿಯಂಥ ವಿವರಗಳಿರುವ ವಿಎಂಡಿಕೆ (ವಿಎಂವೇರ್ ಡಿಸ್ಕ್) ಫೈಲ್ ಬೇರೆಯಾಗಿ, ಪುಟ್ಟದಾಗಿ ಇರುತ್ತದೆ, ನೋಟ್‌ಪ್ಯಾಡ್‌ನಲ್ಲೇ ತೆರೆಯಬಹುದು. ಒಂದೇ ದೊಡ್ಡ ಬೆಳೆಯುವ ಫೈಲಾಗಿದ್ದರೆ ಈ ವಿವರ ಅದರ ಹೊಟ್ಟೆಯೊಳಗೇ ಇರುತ್ತದೆ, ನೋಟ್‌ಪ್ಯಾಡ್ ಹತ್ತಿರವೂ ಸುಳಿಯಬಾರದು. ಮಗುವಿನ ಫೈಲಿನಲ್ಲಿ ಪೇರೆಂಟ್ ಸಿಐಡಿ ಸಾಲನ್ನು ತಾಯಿಯ ಈಗಿನ ಸಿಐಡಿಗೆ ತಿದ್ದಿ ಉಳಿಸಿದೆ. ಡಿಸ್ಕ್ ಸಿಕ್ಕಿತು.

ಇಲ್ಲಿಗೇ ಕೆಲಸ ಮುಗಿಯಿತೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಸಂಖ್ಯೆ ತಾಳೆಯಾಯಿತೇ ಹೊರತು ಒಳಗಿನ ಮಾಹಿತಿ ತಾಳೆಯಾಗಿರಲಿಲ್ಲ. ಹುಡುಗ ಓಡಿಸಿದಾಗ ತಾಯಿ ಡಿಸ್ಕಿನಲ್ಲಿ ಬದಲಾದ ಭಾಗಗಳಲ್ಲಿ ಮಗುವಿನ ಬಳಿ ಯಾವುದಕ್ಕೆ ಪ್ರತಿ ಇಲ್ಲವೋ ಅವೆಲ್ಲ ಈಗಿನ ಲೆಕ್ಕದೊಳಗೆ ಇಣುಕುತ್ತವೆ. ಅದಕ್ಕೇ ಆ ಡಿಸ್ಕಿನಿಂದ ಬೂಟ್ ಮಾಡಲಿಲ್ಲ. ಇನ್ನೊಂದು ವಿಂಡೋಸ್ ಮಷೀನಿಗೆ ಅದನ್ನು ಎರಡನೇ ಡಿಸ್ಕಾಗಿ, ‘000001’ ಫೈಲನ್ನೇ ಆರಿಸಿ ಜೋಡಿಸಿದೆ. ಮೊದಲು ಲೆಕ್ಕದ ಡೇಟಾ ಫೋಲ್ಡರ್ ಹೊರಗೆಳೆದೆ, ಆಮೇಲೆ ಡಿಸ್ಕಿನ ದೋಷ ಹುಡುಕಿ ತಿದ್ದುವ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿದೆ. ಚೆಕ್‌ಡಿಸ್ಕ್ ಸಾಕಷ್ಟು ಕಡೆ ತಿದ್ದಿತು. ಡೇಟಾ ಮೊದಲೇ ಹೊರಗಿದ್ದುದರಿಂದ ಆ ಚಿಂತೆ ಇರಲಿಲ್ಲ.

ಹೊಸ ವಿಂಡೋಸ್ ಮಷೀನಿಗೆ ತಂತ್ರಾಂಶ ಹಾಕಿ ಡೇಟಾ ಏರಿಸಿದ ಮೇಲೆ ಮುನೀಮರು ಕಾಗದದ ಪಟ್ಟಿಗಳ ಕಟ್ಟು ಬಿಚ್ಚಿ, ಒಂದೊಂದೇ ಮೊತ್ತ ನೋಡಿದರು. ಕರೆಂಟ್ ಹೋಗುವ ಮುಂಚಿನ ಕೊನೆಯ ಪಟ್ಟಿಯೊಂದು ಅರ್ಧವಾಗಿತ್ತು, ಅದನ್ನು ಮತ್ತೆ ಬರೆದರು. ಮಿಕ್ಕದ್ದೆಲ್ಲ ಕೂಡಿತು. ಹೊಸ ಮಷೀನಿನಲ್ಲಿ ಸ್ನ್ಯಾಪ್‌ಶಾಟ್ ಇಡಲಿಲ್ಲ. ದಿನಾ ಸಂಜೆ ಡೇಟಾ ಫೋಲ್ಡರ್ ಹೊರಗಿನ ಡಿಸ್ಕಿಗೆ ಹೋಗುವಂತೆ ಮಾಡಿದೆ. ಆ ಹಂಗಾಮಿನ ಜಿಎಸ್‌ಟಿ ರಿಟರ್ನ್ ಮುಗಿಯುವವರೆಗೆ ಹಳೆಯ ಫೋಲ್ಡರ್ ಅಳಿಸಬ್ಯಾಡ್ರಿ ಎಂದು ಚೀಟಿ ಅಂಟಿಸಿ ಬಂದೆ.