ಫ್ಯಾನ್ ಕಂಟ್ರೋಲರ್ ತಗೊಳ್ಳೋಕೆ ಮೊದಲು ಸಂದಿ ಮುಚ್ಚಿ

ಇದ್ದಿಲಿನ ಸ್ಮೋಕರ್‌ಗೆ (ಮಾಂಸವನ್ನ ಹೊಗೆಯಲ್ಲಿ ನಿಧಾನಕ್ಕೆ ಬೇಯಿಸೋ ಒಲೆ) ಫ್ಯಾನ್ ಕಂಟ್ರೋಲರ್, ಅಂದ್ರೆ ಒಳಗಿನ ಕಾವು ನೋಡಿ ತಾನೇ ಗಾಳಿ ಊದೋ ಸಾಧನ, ತಗೊಳ್ಳೋ ಯೋಚನೆ ಇದ್ದೋರು ಮೊದಲು ಮುಚ್ಚಳದ ಅಂಚಿಗೆ ಶಾಖ ತಡೆಯೋ ಗ್ಯಾಸ್ಕೆಟ್ ಪಟ್ಟಿ ಅಂಟಿಸಿ, ಎರಡು ಪ್ರೋಬ್ (ಕಾವು ಅಳೆಯೋ ಕಡ್ಡಿ) ಇರೋ ಡಿಜಿಟಲ್ ಥರ್ಮಾಮೀಟರ್ ತಗೊಳ್ಳಿ. ಫ್ಯಾನ್ ಆಮೇಲೆ. ಯಾಕಂದ್ರೆ ಫ್ಯಾನ್ ಬೆಂಕಿಗೆ ಗಾಳಿ ಊದುತ್ತೆ ಅಷ್ಟೇ, ಕಾವು ಇಳಿಸಲ್ಲ. ಸಂದಿಯಿಂದ ಗಾಳಿ ನುಗ್ಗುತ್ತಿದ್ದರೆ ಫ್ಯಾನ್ ನಿಂತ ಮೇಲೂ ಕಾವು ನಮಗೆ ಬೇಕಾದ 110 ಡಿಗ್ರಿ ಸೆಲ್ಸಿಯಸ್ ದಾಟಿ ಏರ್ತಾನೇ ಇರುತ್ತೆ. ಒಳಗೆ ಹೊಗೆ ಎಬ್ಬಿಸಿ ಕಿಂಡಿಗಳನ್ನೆಲ್ಲ ಮುಚ್ಚಿ ನೋಡಿ, ಎಲ್ಲಿ ಸೋರುತ್ತೆ ಅಂತ ತಾನಾಗೇ ಗೊತ್ತಾಗುತ್ತೆ. ಮುಚ್ಚಳದ ಮುಳ್ಳಿನ ಮೀಟರ್ ನಂಬಬೇಡಿ, ಅದು ಹೇಳೋದು ಮೇಲಿನ ಗಾಳಿಯ ಕಾವು. ಒಂದು ಪ್ರೋಬ್ ಮಾಂಸದೊಳಗೆ, ಇನ್ನೊಂದು ಜಾಲರಿ ಮೇಲೆ ಮಾಂಸದಿಂದ ಎರಡು ಬೆರಳು ದೂರ. ಕಂಟ್ರೋಲರ್‌ನ ಪ್ರೋಬ್ ಕೂಡ ಹೀಗೇ ದೂರ ಇರಲಿ, ತಣ್ಣನೆ ಮಾಂಸಕ್ಕೆ ತಾಗಿದರೆ ಕಡಿಮೆ ತೋರಿಸಿ ಫ್ಯಾನ್ ಸುಮ್ಮಸುಮ್ಮನೆ ಊದಿಸುತ್ತೆ. ಫ್ಯಾನ್ ಹಾಕಿದ ಮೇಲೆ ಕೆಳಗಿನ ಬೇರೆ ಕಿಂಡಿಗಳೆಲ್ಲ ಬಂದ್, ಮೇಲಿನದು ಮಾತ್ರ ಚೂರು ತೆರೆದಿರಲಿ. ಇಷ್ಟೆಲ್ಲ ಮಾಡಿಯೂ ಕೈಕೊಡೋದು ಇದ್ದಿಲಿನ ವಿಷಯದಲ್ಲಿ: ನಮ್ಮ ಕಡೆಯ ಬಳ್ಳಾರಿ ಜಾಲಿ ಇದ್ದಿಲು ಗಟ್ಟಿ, ಚೆನ್ನಾಗಿ ಬಾಳುತ್ತೆ, ಆದರೆ ಚೀಲದ ತಳದ ಪುಡಿ ಸಮೇತ ಸುರಿದರೆ ಗಾಳಿದಾರಿ ಕಟ್ಟಿ ಎಷ್ಟು ದುಬಾರಿ ಕಂಟ್ರೋಲರ್ ಇದ್ದರೂ ದಂಡ. ಜರಡಿ ಹಿಡಿದು ಹಾಕಿ. ಕರೆಂಟ್ ಹೋದರೆ ಫ್ಯಾನೂ ಹೋಯ್ತು, ಹಾಗಾಗಿ 12 ವೋಲ್ಟ್ ಬ್ಯಾಟರಿಗೆ ಓಡೋದನ್ನೇ ಆರಿಸಿ. ತೆಳು ತಗಡಿನ ಡ್ರಮ್ ಸ್ಮೋಕರ್ ಆದರೆ ಮೇ ತಿಂಗಳ ಬಿಸಿಲಿಗೆ ಇಡಲೇಬೇಡಿ, ಬಯಲಲ್ಲೇ ನೆರಳು ಹುಡುಕಿ.